ಕೆರೆಯಲ್ಲಿ ಈಜುವುದು, ಹುಟ್ಟು ಹಾಕುವುದು: ಇಳಿಯುವ ಮುಂಚೆ ಹತ್ತುವ ಜಾಗ ನೋಡಿ

ಕೆರೆ ಅಂದರೆ ನಿಂತ ನೀರು, ಹೊಳೆ ತರ ಎಳೆದುಕೊಂಡು ಹೋಗುವುದಿಲ್ಲ, ಅದರಲ್ಲಿ ಭಯ ಏನು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಊರಾಚೆಯ ಕೆರೆಯಲ್ಲಿ ಈಜುವುದು ನಿಜವಾಗಿಯೂ ಸುಖ. ಆದರೆ ಈಜುಕೊಳದಲ್ಲಿ ಕೇಳದೆಯೇ ಸಿಗುವ ಅನುಕೂಲ ಯಾವುದೂ ಅಲ್ಲಿ ಇರುವುದಿಲ್ಲ. ಆಳ ಎಷ್ಟು ಅಂತ ಯಾರೂ ಬರೆದಿಟ್ಟಿರುವುದಿಲ್ಲ. ಸುಸ್ತಾದರೆ ಹಿಡಿದುಕೊಳ್ಳಲು ಗೋಡೆ ಇಲ್ಲ. ಲೈಫ್‌ಗಾರ್ಡ್ ಇಲ್ಲ, ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಕೂಡ ಇಲ್ಲ, ಫೋನ್ ಸಿಕ್ಕರೂ ಆಂಬುಲೆನ್ಸ್ ಬರುವ ಹೊತ್ತಿಗೆ ತುಂಬಾ ತಡವಾಗಿರುತ್ತದೆ. 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಹೆಚ್ಚು ಕಡಿಮೆ ಕಾಲು ಭಾಗ 5 ವರ್ಷದೊಳಗಿನ ಮಕ್ಕಳು.

ಹಾಗಾಗಿ ಎಲ್ಲದಕ್ಕಿಂತ ಮೊದಲು ಒಂದು ಮಾತು. ಎಲ್ಲಿ ಇಳಿಯಬೇಕು ಅಂತ ನೋಡುವ ಮುಂಚೆ ಎಲ್ಲಿ ಹತ್ತಬೇಕು ಅಂತ ನೋಡಿ. ಕೈ ನಡುಗುವಾಗ, ಕಾಲು ಹಿಡಿದುಕೊಂಡಾಗ, ಯಾರ ಸಹಾಯವೂ ಇಲ್ಲದೆ ಮೇಲೆ ಬರಬಹುದಾದ ಜಾಗ ಕಾಣಿಸದಿದ್ದರೆ ಆ ದಡದಿಂದ ಇಳಿಯಲೇಬೇಡಿ. ಕಲ್ಲು ಕಟ್ಟಿದ ಏರಿ ನೋಡಲು ಗಟ್ಟಿಯಾಗಿರುತ್ತದೆ, ಆದರೆ ನೀರು ತಾಗುವ ಮಟ್ಟದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಇಳಿಯುವಾಗ ತೊಂದರೆ ಇಲ್ಲ, ಹತ್ತುವಾಗ ಹಿಡಿತವೇ ಸಿಗುವುದಿಲ್ಲ. ನಿಧಾನವಾಗಿ ಇಳಿಜಾರಾಗಿರುವ, ಕಾಲಡಿ ಮರಳು ಅಥವಾ ಗಟ್ಟಿ ನೆಲ ಸಿಗುವ ದಡ ಹುಡುಕಿ. ಅದು ಅರ್ಧ ಗಂಟೆ ನಡೆಯಬೇಕಾದಷ್ಟು ದೂರ ಇದ್ದರೂ ಅಲ್ಲಿಗೇ ಹೋಗಿ.

ದಡದಲ್ಲಿ ನಿಂತೇ ಮುಗಿಸಬೇಕಾದ ಕೆಲಸ

ಮೊದಲು ಕೆರೆ ಬಲ್ಲವರನ್ನು ಕೇಳಿ. ಬಲೆ ಹಾಕುವವರು, ದನ ಮೇಯಿಸುವವರು, ದಿನಾ ಅಲ್ಲಿಗೆ ಬರುವ ಯಾರೇ ಆಗಲಿ. ಕೇಳುವ ರೀತಿಯೂ ಮುಖ್ಯ. "ಇಲ್ಲಿ ಈಜಬಹುದಾ?" ಅಂದರೆ "ಓ, ಈಜಿ" ಅನ್ನುತ್ತಾರೆ. "ಇಲ್ಲಿ ಎಲ್ಲಿ ಇಳಿಯಬಾರದು? ಯಾರಾದರೂ ಮುಳುಗಿದ್ದಾರಾ? ಎಲ್ಲಿ?" ಅಂತ ಕೇಳಿದರೆ ಆಗ ನಿಜವಾದ ವಿಷಯ ಹೊರಗೆ ಬರುತ್ತದೆ. ಬಲೆ ಎಲ್ಲಿ ಬಿಟ್ಟಿದ್ದಾರೆ, ಮೊಸಳೆ ಇದೆಯಾ, ಹಳೇ ಬಾವಿ ಅಥವಾ ಮರದ ಬುಡ ನೀರಡಿ ಮುಳುಗಿದೆಯಾ, ಇದೆಲ್ಲ ಅವರಿಗೆ ಗೊತ್ತಿರುತ್ತದೆ. ಈಜಬಾರದು ಅಂತ ಬೋರ್ಡ್ ಇದ್ದರೆ ಅಲ್ಲಿಗೆ ಮಾತು ಮುಗಿಯಿತು, ವಾಪಸ್ ಬನ್ನಿ.

ಕೆರೆಯಲ್ಲಿ ನನಗೆ ಅತಿ ಹೆಚ್ಚು ಆತಂಕ ಹುಟ್ಟಿಸುವುದು ಮಣ್ಣು ತೆಗೆದ ಗುಂಡಿಗಳು. ನೀರು ಇಳಿದಾಗ ಕೆರೆ ಅಂಗಳದಲ್ಲಿ ಮಣ್ಣು, ಮರಳು ತೆಗೆಯುತ್ತಾರೆ. ಆಮೇಲೆ ಮಳೆ ಬಂದು ಕೆರೆ ತುಂಬಿದರೆ ಮೇಲೆ ಎಲ್ಲ ಒಂದೇ ಸಮ ಕಾಣುತ್ತದೆ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿರುವವರು ಇನ್ನೊಂದು ಹೆಜ್ಜೆ ಇಟ್ಟ ಕೂಡಲೇ ತಲೆ ಮುಳುಗುವಷ್ಟು ಆಳಕ್ಕೆ ಹೋಗುತ್ತಾರೆ, ಗುಂಡಿಯ ಅಂಚಿನ ಹಸಿ ಮಣ್ಣು ಕಾಲಡಿ ಕುಸಿಯುವುದರಿಂದ ಹಿಂದೆ ಬರಲೂ ಆಗುವುದಿಲ್ಲ. ಈಜಲು ಹೋದವರಿಗಿಂತ ಸುಮ್ನೆ ಕಾಲು ತೊಳೆಯಲು ಹೋದವರು, ಆಟಕ್ಕೆ ಇಳಿದ ಮಕ್ಕಳು ಇದಕ್ಕೆ ಸಿಕ್ಕಿಕೊಳ್ಳುವುದು ಸುಲಭ. ತಿಳಿ ನೀರಾದರೂ ಕಣ್ಣನ್ನು ನಂಬಬೇಡಿ. ಬೆಳಕು ನೀರಿನಿಂದ ಹೊರಗೆ ಬರುವಾಗ ಬಾಗುತ್ತದೆ, ಹಾಗಾಗಿ ತಳ ಇರುವುದಕ್ಕಿಂತ ಮೇಲೆ ಕಾಣಿಸುತ್ತದೆ. ನೇರ ಮೇಲಿಂದ ನೋಡಿದರೂ 2 ಮೀಟರ್ ಆಳ ಸುಮಾರು ಒಂದೂವರೆ ಮೀಟರಿನ ಹಾಗೆ ತೋರುತ್ತದೆ. ಒಂದು ಉದ್ದ ಕೋಲು ಹಿಡಿದು, ಮುಂದೆ ಚುಚ್ಚಿ ನೋಡುತ್ತಾ, ಕೋಲಿಗೆ ನೆಲ ಸಿಕ್ಕಲ್ಲಿ ಮಾತ್ರ ಹೆಜ್ಜೆ ಇಡಿ. ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ತೂಬು ಮತ್ತು ಕೋಡಿಯ ಹತ್ತಿರ ಹೋಗಲೇಬೇಡಿ, ದೋಣಿಯಲ್ಲೂ ಬೇಡ. ತೂಬು ತೆಗೆದಿದ್ದರೂ ಮೇಲೆ ನೀರು ಸುಮ್ಮನೆ ನಿಂತ ಹಾಗೇ ಕಾಣಬಹುದು. ಒಳಗೆ ಕಿಂಡಿಗೆ ಮೈ ಒತ್ತಿಕೊಂಡರೆ ಬಿಡಿಸಿಕೊಳ್ಳಲು ಆಗುವುದಿಲ್ಲ. 2 ಮೀಟರ್ ಆಳದಲ್ಲಿ ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಕಿಂಡಿ ಇದ್ದು ಆಚೆ ಕಡೆ ಖಾಲಿ ಇದ್ದರೆ, ಅದನ್ನು ಮುಚ್ಚಿದ ವಸ್ತುವಿನ ಮೇಲೆ ನೀರು ಹಾಕುವ ಒತ್ತಡ ಸುಮಾರು 500 ಕೆಜಿ ಭಾರಕ್ಕೆ ಸಮ. ಎಷ್ಟು ದೊಡ್ಡ ಈಜುಗಾರನಾದರೂ ಅದರ ಮುಂದೆ ನಿಲ್ಲಲಾರ.

ಇನ್ನು ನೀರು ಹೇಗಿದೆ ನೋಡಿ. ಹಸಿರು ಪೇಂಟ್ ಚೆಲ್ಲಿದ ಹಾಗೆ ತೆಳ್ಳನೆ ಪದರ, ಕೆಟ್ಟ ವಾಸನೆ, ಗಾಳಿ ಬೀಸಿದ ಕಡೆ ದಡದಲ್ಲಿ ಹಸಿರು ನೊರೆ, ಸತ್ತ ಮೀನು, ಇಷ್ಟರಲ್ಲಿ ಯಾವುದಿದ್ದರೂ ಇಳಿಯಬೇಡಿ. ಅದು ನೀಲಿ ಹಸಿರು ಪಾಚಿ ಆಗಿರಬಹುದು. ಅದರಲ್ಲಿ ಕೆಲವು ಜಾತಿಗಳು ವಿಷ ಬಿಡುತ್ತವೆ, ಕುದಿಸಿದರೂ ಆ ವಿಷ ಹೋಗುವುದಿಲ್ಲ. ನಾಯಿ ಜೊತೆಗೆ ಬಂದಿದ್ದರೆ ಅದನ್ನೂ ಬಿಡಬೇಡಿ, ಮೈ ನೆಕ್ಕಿಕೊಂಡರೂ ಅದರ ಜೀವಕ್ಕೆ ಕುತ್ತು. ಜೋರು ಮಳೆ ಬಂದ ಮಾರನೇ ದಿನವೂ ಬೇಡ, ಸುತ್ತಲಿನ ಕೊಳೆಯೆಲ್ಲ ಹರಿದು ಬಂದು ಸೇರಿರುತ್ತದೆ. ಮೈಮೇಲೆ ತೆರೆದ ಗಾಯ ಇದ್ದರೆ ಈಜು ಮುಂದಕ್ಕೆ ಹಾಕಿ. ಇಲಿ, ದನಗಳ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಬರುವುದು ಹೆಚ್ಚಾಗಿ ಗಾಯದ ಮೂಲಕ.

ಮೂಗಿನ ವಿಷಯವನ್ನೂ ಹೇಳಿಬಿಡುತ್ತೇನೆ. ಬೆಚ್ಚಗಿನ ಸಿಹಿನೀರಿನಲ್ಲಿ ನೇಗ್ಲೇರಿಯಾ ಫೌಲೇರಿ ಅನ್ನುವ ಅಮೀಬಾ ಇರಬಹುದು. ಇದು ಕುಡಿದರೆ ತೊಂದರೆ ಮಾಡುವುದಿಲ್ಲ, ಮೂಗಿಗೆ ಹೋದ ನೀರಿನ ಮೂಲಕ ಮೆದುಳಿಗೆ ಹತ್ತುತ್ತದೆ. ರೋಗ ಬರುವುದು ತುಂಬಾ ಅಪರೂಪ, ಬಂದರೆ ಬದುಕುವವರೂ ಅಪರೂಪ. ಬೇಸಿಗೆಯಲ್ಲಿ ಬೆಚ್ಚಗಿರುವ, ಕಡಿಮೆ ನೀರಿನ ಕೆರೆಯಲ್ಲಿ ಮೂಗಿಗೆ ಕ್ಲಿಪ್ ಹಾಕಿಕೊಳ್ಳಿ ಇಲ್ಲವೇ ತಲೆಯನ್ನು ನೀರಿನಿಂದ ಮೇಲೆ ಇಟ್ಟುಕೊಂಡು ಈಜಿ. ತಳದ ಕೆಸರು ಕಲಕಬೇಡಿ.

ನೀರಿಗೆ ಇಳಿಯುವುದು ಹೀಗೆ

ಮೊದಲು ಕಾಲು, ಯಾವಾಗಲೂ ಕಾಲು. ಗೊತ್ತಿಲ್ಲದ ನೀರಿಗೆ ತಲೆ ಮುಂದೆ ಮಾಡಿ ಡೈವ್ ಹೊಡೆಯುವುದು ಕುತ್ತಿಗೆ ಮುರಿದುಕೊಳ್ಳುವ ದಾರಿ. ಹೋದ ತಿಂಗಳು ಹೊಡೆದ ಜಾಗವೇ ಆದರೂ ಈಗ ನೀರಿನ ಮಟ್ಟ ಇಳಿದಿರಬಹುದು, ಹೂಳು ತುಂಬಿರಬಹುದು.

ನಿಧಾನವಾಗಿ ಸೊಂಟದುದ್ದ ನೀರಿಗೆ ಹೋಗಿ, ಮುಖಕ್ಕೆ, ಎದೆಗೆ, ಕತ್ತಿನ ಹಿಂದೆ ನೀರು ಚಿಮುಕಿಸಿಕೊಳ್ಳಿ. ನೀರು 15 ಡಿಗ್ರಿಗಿಂತ ತಣ್ಣಗಿದ್ದರೆ ಒಮ್ಮೆಲೇ ಬಿದ್ದವರಿಗೆ ಉಸಿರು ತಾನಾಗಿ ಜೋರಾಗಿ ಒಳಗೆ ಎಳೆಯುತ್ತದೆ. ಆ ಹೊತ್ತಿಗೆ ಬಾಯಿ ನೀರಿನೊಳಗಿದ್ದರೆ ನೀರೇ ಒಳಗೆ ಹೋಗುತ್ತದೆ. ಈ ಏದುಸಿರು ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ. ಅಲ್ಲಿವರೆಗೆ ಈಜಲು ಹೋಗಬೇಡಿ, ಅಂಗಾತ ಮಲಗಿ ತೇಲಿ. ಬಿಸಿಲ ನಾಡಿನವರಿಗೂ ಈ ಮಾತು ಬೇಕು. ಬಿಸಿಲು ಕಾಯಿಸುವುದು ಮೇಲಿನ ಪದರವನ್ನು ಮಾತ್ರ, ಆಳದ ಕೆರೆಯಲ್ಲಿ ಕೆಳಗೆ ಹೋಗುತ್ತಿದ್ದಂತೆ ಇದ್ದಕ್ಕಿದ್ದ ಹಾಗೆ ತಣ್ಣನೆ ನೀರು ಸಿಗುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈ ಶಾಖ ಎಳೆಯುತ್ತದೆ. ನಡುಕ ಶುರುವಾದರೆ, ಬೆರಳು ಸರಿಯಾಗಿ ಕೂಡದಿದ್ದರೆ, ಆ ಕ್ಷಣವೇ ದಡದ ಕಡೆ ತಿರುಗಿ.

ಈಜುವುದು ದಡಕ್ಕೆ ಸಮಾನಾಂತರವಾಗಿ. ಆಚೆ ದಡಕ್ಕೆ ಹೋಗಿ ಬರುತ್ತೇನೆ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ, ಅಲ್ವಾ? ನೀರಿನ ಮೇಲೆ ದೂರ ಯಾವಾಗಲೂ ಕಡಿಮೆ ಕಾಣುತ್ತದೆ. ಕೆರೆ ನಡುವೆ ಸುಸ್ತಾದರೆ ಎರಡೂ ದಡ ಅಷ್ಟೇ ದೂರ. ಸಮಾನಾಂತರವಾಗಿ ಹೋದರೆ ಅಷ್ಟೇ ದೂರ ಈಜಬಹುದು, ಬೇಕೆಂದಾಗ ಕಾಲು ಊರಬಹುದು. ಈಜುಕೊಳದಲ್ಲಿ 500 ಮೀಟರ್ ಈಜುವವರು ಕೆರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಯೋಜನೆ ಹಾಕಬೇಡಿ ಅನ್ನುವುದು ನನ್ನ ಅಭಿಪ್ರಾಯ. ತಿರುಗುವಾಗ ತಳ್ಳಿಕೊಳ್ಳಲು ಗೋಡೆ ಇರುವುದಿಲ್ಲ, ನೇರ ಹೋಗಲು ತಳದಲ್ಲಿ ಗೆರೆ ಇರುವುದಿಲ್ಲ, ಆಗಾಗ ಕಣ್ಣೆತ್ತಿ ದಡದ ಮೇಲಿನ ಒಂದು ಎತ್ತರದ ಮರವನ್ನು ಗುರುತು ಹಿಡಿದುಕೊಂಡೇ ಹೋಗಬೇಕು, ಇದೆಲ್ಲ ಶಕ್ತಿ ತಿನ್ನುತ್ತದೆ. ಕಣ್ಣಿಗೆ ಹೊಡೆಯುವ ಬಣ್ಣದ ಟೋಪಿ ಹಾಕಿ. ಸೊಂಟಕ್ಕೆ ಕಟ್ಟಿ ಹಿಂದೆ ಎಳೆದುಕೊಂಡು ಹೋಗುವ ಕಿತ್ತಳೆ ಬಣ್ಣದ ಗಾಳಿ ತುಂಬಿದ ಬುಗ್ಗೆ ಸಿಗುತ್ತದೆ, ಅದು ಇನ್ನೂ ಒಳ್ಳೆಯದು. ದೋಣಿಯವರಿಗೆ ನೀವು ಕಾಣುತ್ತೀರಿ, ಸುಸ್ತಾದಾಗ ಹಿಡಿದು ತೇಲಬಹುದು.

ಒಬ್ಬರೇ ಹೋಗಬೇಡಿ. ಕುಡಿದು ಹೋಗಬೇಡಿ, ಕುಡಿದವರ ಜೊತೆಯಲ್ಲೂ ಹೋಗಬೇಡಿ. ಯಾರು ಜಾಸ್ತಿ ಹೊತ್ತು ನೀರಡಿ ಇರುತ್ತಾರೆ ಅನ್ನುವ ಪಂದ್ಯ ಬೇಡವೇ ಬೇಡ. ಮುಳುಗುವ ಮುಂಚೆ ಜೋರಾಗಿ ಉಸಿರಾಡಿದರೆ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಉಸಿರು ಬೇಕು ಅಂತ ಎಚ್ಚರಿಸುವುದು ಅದೇ. ಎಚ್ಚರಿಕೆ ಬರುವ ಮುಂಚೆಯೇ ಪ್ರಜ್ಞೆ ತಪ್ಪುತ್ತದೆ, ಪಕ್ಕದವರಿಗೆ ಗೊತ್ತೇ ಆಗುವುದಿಲ್ಲ.

ಸಿಕ್ಕಿಕೊಂಡಾಗ

ಕಾಲಿಗೆ ಜೊಂಡು, ಅಂತರಗಂಗೆಯ ಬೇರು ಸುತ್ತಿಕೊಂಡರೆ ಒದೆಯಬೇಡಿ. ಒದ್ದಷ್ಟೂ ಬಿಗಿಯುತ್ತದೆ. ಅಂಗಾತ ಮಲಗಿ, ಕಾಲು ಸಡಿಲ ಬಿಟ್ಟು, ಬರೀ ಕೈಯಿಂದ ಮೆಲ್ಲಗೆ ನೀರು ತಳ್ಳುತ್ತಾ ಬಂದ ದಾರಿಯಲ್ಲೇ ವಾಪಸ್ ಬನ್ನಿ. ಮುಂದೆ ದಾಟಿಬಿಡುತ್ತೇನೆ ಅಂದುಕೊಳ್ಳಬೇಡಿ, ಮುಂದೆ ಇನ್ನೆಷ್ಟಿದೆ ಅಂತ ಗೊತ್ತಿಲ್ಲ. ಬಿಡಿಸಲೇಬೇಕಾದರೆ ಒಂದೊಂದಾಗಿ, ಕಾಲುಚೀಲ ಕಳಚಿದ ಹಾಗೆ ಕೆಳಗೆ ಜಾರಿಸಿ.

ಕೆಸರಲ್ಲಿ ಕಾಲು ಹೂತರೆ ಎಳೆದಾಡಬೇಡಿ. ಒಂದು ಕಾಲಿನ ಮೇಲೆ ಭಾರ ಹಾಕಿ ಇನ್ನೊಂದನ್ನು ಎಳೆದರೆ ಮೊದಲನೆಯದು ಇನ್ನೂ ಹೂಳುತ್ತದೆ. ಹಿಂದಕ್ಕೆ ಒರಗಿ, ಮೈಯನ್ನು ನೀರಿನ ಮೇಲೆ ಅಥವಾ ಕೆಸರಿನ ಮೇಲೆ ಚಾಚಿ, ಕಾಲನ್ನು ಸಣ್ಣಗೆ ಅಲ್ಲಾಡಿಸುತ್ತಾ ಬಿಡಿಸಿಕೊಳ್ಳಿ.

ಮೀನಖಂಡ ಹಿಡಿದುಕೊಂಡರೆ ಅಂಗಾತ ತೇಲಿ, ಕಾಲು ನೇರ ಮಾಡಿ, ಹೆಬ್ಬೆರಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಬಿಡುತ್ತದೆ. ನೀವೇ ನೋಡಿ, ಈ ಮೂರಕ್ಕೂ ಬೇಕಾದ ವಿದ್ಯೆ ಒಂದೇ. ಅದಕ್ಕೇ ಈಜಿಗಿಂತ ಮೊದಲು ತೇಲುವುದು ಕಲಿಯಿರಿ. ಕಿವಿ ನೀರಲ್ಲಿ ಮುಳುಗುವಷ್ಟು ತಲೆ ಹಿಂದಕ್ಕೆ, ಕೈ ಅಗಲ, ಉಸಿರು ನಿಧಾನ. ಕೈಕಾಲು ಆಡಿಸದೆ, ಇಲ್ಲವೇ ಸ್ವಲ್ಪವೇ ಆಡಿಸಿ, 5 ನಿಮಿಷ ತೇಲಲು ಬಾರದವರು ಎದೆಮಟ್ಟಕ್ಕಿಂತ ಆಳಕ್ಕೆ ಹೋಗಲೇಬಾರದು.

ಮಕ್ಕಳು ಜೊತೆಗಿದ್ದರೆ

ಕೈಗೆಟಕುವ ದೂರ. ನಿಮ್ಮ ಕೈ ಚಾಚಿದರೆ ಮಗು ಸಿಗಬೇಕು, ಅಷ್ಟೇ ದೂರ. ದಡದಲ್ಲಿ ಹತ್ತು ಜನ ದೊಡ್ಡವರು ಕುಳಿತಿದ್ದರೆ ಎಲ್ಲರೂ ನೋಡುತ್ತಿದ್ದಾರೆ ಅನಿಸುತ್ತದೆ, ಆದರೆ ಯಾರೂ ನೋಡುತ್ತಿರುವುದಿಲ್ಲ. ಒಬ್ಬರ ಹೆಸರು ಹೇಳಿ ಕೆಲಸ ಒಪ್ಪಿಸಿ: ಮುಂದಿನ 15 ನಿಮಿಷ ಇವರು ಫೋನ್ ಮುಟ್ಟುವುದಿಲ್ಲ, ಹರಟೆ ಹೊಡೆಯುವುದಿಲ್ಲ, ಮಕ್ಕಳನ್ನು ಎಣಿಸುತ್ತಿರುತ್ತಾರೆ. ಆಮೇಲೆ ಇನ್ನೊಬ್ಬರು. ತೋಳಿಗೆ ಹಾಕುವ ಗಾಳಿ ಚೀಲ, ಟ್ಯೂಬ್, ಪ್ಲಾಸ್ಟಿಕ್ ಬಾತುಕೋಳಿ ಇವೆಲ್ಲ ಆಟದ ಸಾಮಾನು. ಗಾಳಿ ಬೀಸಿದರೆ ಮಗುವಿನ ಸಮೇತ ನಡುವಿಗೆ ಹೋಗುತ್ತವೆ. ಚೆಂಡು, ಚಪ್ಪಲಿ ತೇಲಿ ಹೋದರೆ ಹೋಗಲಿ, ಅದರ ಹಿಂದೆ ಹೋಗುವಂತಿಲ್ಲ ಅಂತ ಮೊದಲೇ ಹೇಳಿಡಿ, ಮತ್ತೆ ಮತ್ತೆ ಹೇಳಿ. ಈಜುಡುಗೆ ಕಿತ್ತಳೆ, ಹಳದಿ, ಗುಲಾಬಿಯಂತಹ ಕಣ್ಣಿಗೆ ಹೊಡೆಯುವ ಬಣ್ಣದ್ದಿರಲಿ. ನೀಲಿ, ಬೂದು ಬಣ್ಣ ನೀರಡಿ ಕಾಣಿಸುವುದೇ ಇಲ್ಲ.

ಹುಟ್ಟು ಹಿಡಿದವರಿಗೆ

ಕಯಾಕ್ ಅನ್ನುವ ಕಿರಿದಾದ ಸಣ್ಣ ದೋಣಿ ಇರಲಿ, ಮೇಲೆ ನಿಂತು ಹುಟ್ಟು ಹಾಕುವ ಪ್ಯಾಡಲ್ ಬೋರ್ಡ್ ಇರಲಿ, ತೆಪ್ಪ ಇರಲಿ, ಲೈಫ್ ಜಾಕೆಟ್ ಮೈಮೇಲೆ ಇರಬೇಕು. ದೋಣಿಯಲ್ಲಿ ಕಾಲ ಕೆಳಗೆ ಇಟ್ಟುಕೊಂಡರೆ ಇದ್ದೂ ಇಲ್ಲದ ಹಾಗೆ, ಮಗುಚಿದ ಮೇಲೆ ನೀರಿನಲ್ಲಿ ಅದನ್ನು ಹಾಕಿಕೊಳ್ಳುವುದು ತುಂಬಾ ಕಷ್ಟ. ಎಲ್ಲ ಬಕಲ್ ಹಾಕಿ, ಪಟ್ಟಿ ಬಿಗಿದು, ಇನ್ನೊಬ್ಬರಿಗೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಅದು ಗಲ್ಲ, ಕಿವಿಯವರೆಗೆ ಬಂದರೆ ದೊಡ್ಡದಾಯಿತು. ಮಕ್ಕಳದ್ದಕ್ಕೆ ತೊಡೆ ನಡುವಿನ ಪಟ್ಟಿ ಇರಲೇಬೇಕು. ಜಾಕೆಟ್ ಎಷ್ಟು ಬಲವಾಗಿ ತೇಲಿಸುತ್ತದೆ ಅಂತ ತಿಳಿಸುವ ನ್ಯೂಟನ್ ಸಂಖ್ಯೆ ಒಳಗೆ ಬರೆದಿರುತ್ತದೆ, ಅದನ್ನು ನೋಡಿ. 50 ಅಂತ ಇದ್ದರೆ ಅದು ಈಜು ಬರುವವರಿಗೆ, ಸಹಾಯ ಹತ್ತಿರ ಇರುವ ಕಡೆಗೆ. ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲೆ ತಿರುಗಿಸುತ್ತದೆ ಅಂತ ಅದನ್ನು ನಂಬುವಂತಿಲ್ಲ. ಈಜು ಬಾರದವರಿಗೆ 100 ಅಥವಾ ಅದಕ್ಕಿಂತ ಜಾಸ್ತಿ ಇರುವುದನ್ನೇ ಕೊಡಿ. ಜಾಕೆಟ್‌ಗೆ ಒಂದು ಸೀಟಿ ಕಟ್ಟಿ, ಗಂಟಲಿಗಿಂತ ಅದರ ಸದ್ದು ದೂರ ಹೋಗುತ್ತದೆ. ಫೋನ್ ನೀರು ಹೋಗದ ಚೀಲದಲ್ಲಿ, ಮೈಗೆ ಕಟ್ಟಿಕೊಂಡು. ದೋಣಿಯಲ್ಲಿಟ್ಟರೆ ದೋಣಿಯ ಜೊತೆ ಅದೂ ಹೋಗುತ್ತದೆ.

ಕೆರೆಯಲ್ಲಿ ಹುಟ್ಟು ಹಾಕುವವರ ನಿಜವಾದ ಎದುರಾಳಿ ಗಾಳಿ. ದಡದಿಂದ ಕೆರೆ ಕಡೆಗೆ ಬೀಸುವ ಗಾಳಿ ಎಲ್ಲದಕ್ಕಿಂತ ಕೆಟ್ಟದ್ದು, ಯಾಕೆಂದರೆ ದಡದ ಮರಗಳ ಮರೆಯಲ್ಲಿ ನೀರು ಶಾಂತವಾಗಿರುತ್ತದೆ, ನೂರು ಮೀಟರ್ ಒಳಗೆ ಹೋದ ಮೇಲೆ ಗಾಳಿ ಹಿಡಿದುಕೊಂಡು ಇನ್ನೂ ಒಳಗೆ ತಳ್ಳುತ್ತದೆ, ವಾಪಸ್ ಬರುವಾಗ ಎಷ್ಟು ಹುಟ್ಟು ಹಾಕಿದರೂ ದಡ ಹತ್ತಿರ ಬರುವುದಿಲ್ಲ. ಸಾಮಾನ್ಯರು ಕಯಾಕ್‌ನಲ್ಲಿ ಗಂಟೆಗೆ 4–5 ಕಿ.ಮೀ. ಹೋಗುತ್ತಾರೆ, ಎದುರು ಗಾಳಿಗೆ ಅದರ ಅರ್ಧವೂ ಆಗದಿರಬಹುದು. ಹಾಗಾಗಿ ಹೊರಡುವಾಗ ಗಾಳಿಗೆ ಎದುರಾಗಿ ಹೋಗಿ. ಸುಸ್ತಾದಾಗ ಅದೇ ಗಾಳಿ ಮನೆ ಕಡೆ ತಳ್ಳುತ್ತದೆ. ನೀರಿನ ಮೇಲೆ ಬಿಳಿ ನೊರೆಯ ಅಲೆ ಕಂಡರೆ ಹೊಸಬರು ಅವತ್ತು ಹೊರಡಬಾರದು. ನಡುವೆ ಇರುವಾಗ ಅಲೆ ಎದ್ದರೆ ದೋಣಿಯ ಮೂತಿಯನ್ನು ಅಲೆಗೆ ಎದುರು ಹಿಡಿಯಿರಿ, ಪಕ್ಕಕ್ಕೆ ಹೊಡೆಯಲು ಬಿಡಬೇಡಿ. ಬೋರ್ಡ್ ಮೇಲೆ ನಿಂತಿದ್ದರೆ ಕೂಡಲೇ ಮಂಡಿಯೂರಿ. ನಿಂತ ನೀರಲ್ಲಿ ಬೋರ್ಡಿನ ಹಗ್ಗ ಕಾಲಿಗೆ ಕಟ್ಟಿರಬೇಕು, ಬಿದ್ದರೆ ಬೋರ್ಡ್ ನಿಮಗಿಂತ ಬೇಗ ಗಾಳಿಗೆ ಹೋಗುತ್ತದೆ.

ಮಗುಚಿದರೆ ದೋಣಿ ಬಿಡಬೇಡಿ. ಇದು ಎಷ್ಟು ಸಲ ಹೇಳಿದರೂ ಸಾಲದು. ದಡ ಹತ್ತಿರ ಕಾಣಿಸಿ ಈಜಿಬಿಡೋಣ ಅನಿಸುತ್ತದೆ. ಮಗುಚಿದ ದೋಣಿಯೂ ತೇಲುತ್ತದೆ, ಹುಡುಕುವವರಿಗೆ ತಲೆಗಿಂತ ದೋಣಿ ಕಾಣುವುದು ಸುಲಭ. ಹಿಡಿದುಕೊಂಡು ಸೀಟಿ ಊದಿ, ಕಾಲು ಬಡಿಯುತ್ತಾ ದಡದ ಕಡೆ ತಳ್ಳಿ. ಇದನ್ನೆಲ್ಲ ಮೊದಲ ದಿನವೇ, ಸೊಂಟದುದ್ದ ನೀರಿನಲ್ಲಿ, ಬೇಕೆಂದೇ ಮಗುಚಿ ಅಭ್ಯಾಸ ಮಾಡಿ. ಮತ್ತೆ ಹತ್ತಲು ಬಾರದಿದ್ದರೆ ನೀವು ಎದೆಮಟ್ಟದ ನೀರಿರುವ ದಡದ ಅಂಚಿನಲ್ಲೇ ಹುಟ್ಟು ಹಾಕಬೇಕು.

ಗುಡುಗು ಕೇಳಿಸಿದರೆ ಮೇಲೆ ಬನ್ನಿ. ಮಿಂಚಿಗೂ ಗುಡುಗಿಗೂ 30 ಸೆಕೆಂಡ್ ಅಂತರ ಇದ್ದರೆ ಸಿಡಿಲು ಸುಮಾರು 10 ಕಿ.ಮೀ. ದೂರ, ಅಷ್ಟು ದೂರವೂ ಸಾಲದು. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ.

ಯಾರಾದರೂ ಮುಳುಗುತ್ತಿದ್ದರೆ

ಮುಳುಗುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಅಂತ ಕಾಯಬೇಡಿ. ಉಸಿರಿಗೇ ಒದ್ದಾಡುವವರಿಗೆ ಕೂಗಲು ಉಸಿರಿರುವುದಿಲ್ಲ. ತಲೆ ಹಿಂದೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿ ಮುಳುಗಿ ಏಳುತ್ತಾ, ಮೈ ನೆಟ್ಟಗೆ ನಿಂತ ಹಾಗೆ, ಕೈ ಎರಡೂ ಪಕ್ಕದಲ್ಲಿ ನೀರನ್ನು ಕೆಳಗೆ ಒತ್ತುತ್ತಿರುತ್ತವೆ. ಸದ್ದೇ ಇರುವುದಿಲ್ಲ. ಹೀಗೆ ಮೇಲೆ ಉಳಿಯುವುದು ಹೆಚ್ಚೆಂದರೆ 20ರಿಂದ 60 ಸೆಕೆಂಡ್. "ಸರಿ ಇದ್ದೀಯಾ?" ಅಂತ ಕೂಗಿ, ಉತ್ತರ ಬರದಿದ್ದರೆ ಕೆಲಸ ಶುರು ಮಾಡಿ.

ಹಾರಬೇಡಿ. ಮುಳುಗುವವರು ಸಿಕ್ಕಿದ್ದನ್ನು ಹಿಡಿದು ಮೇಲೆ ಹತ್ತಲು ನೋಡುತ್ತಾರೆ, ಸಿಕ್ಕಿದ್ದು ನೀವಾದರೆ ನೀವೂ ಮುಳುಗುತ್ತೀರಿ. ಒಬ್ಬರನ್ನು ಉಳಿಸಲು ಹೋಗಿ ಅಣ್ಣ, ತಮ್ಮ, ಸ್ನೇಹಿತ ಒಬ್ಬರ ಹಿಂದೆ ಒಬ್ಬರು ಹೋಗುವುದು ಹೀಗೆಯೇ. ದಡದಲ್ಲಿ ಮಲಗಿ ಕೋಲು, ಹುಟ್ಟು, ಟವೆಲ್ ಚಾಚಿ. ದೂರ ಇದ್ದರೆ ಹಗ್ಗ, ಮುಚ್ಚಳ ಬಿಗಿದ ಖಾಲಿ ಕ್ಯಾನ್, ಟ್ಯೂಬ್, ತೇಲುವ ಏನಾದರೂ ಎಸೆಯಿರಿ. ಕೆರೆಗೆ ಹೋಗುವಾಗಲೇ 15–20 ಮೀಟರ್ ಹಗ್ಗ, ಒಂದು ತುದಿಗೆ ಖಾಲಿ ಕ್ಯಾನ್ ಕಟ್ಟಿ ಒಯ್ದರೆ ಎಷ್ಟೋ ಒಳ್ಳೆಯದು. ಇನ್ನೊಬ್ಬರು ಆ ಹೊತ್ತಿಗೆ ತುರ್ತು ನಂಬರಿಗೆ ಫೋನ್ ಮಾಡಲಿ, ಭಾರತದಲ್ಲೂ ಯುರೋಪಿನ ದೇಶಗಳಲ್ಲೂ ಅದು 112.

ಮೇಲೆ ತಂದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯಬೇಡಿ, ತಲೆಕೆಳಗು ಹಿಡಿಯಬೇಡಿ, ಹೊತ್ತು ತಿರುಗಿಸಬೇಡಿ. ಅದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಉಸಿರು ಕೊಡಬೇಕಾದ ಹೊತ್ತೂ ಕಳೆದುಹೋಗುತ್ತದೆ. ಉಸಿರಾಡುತ್ತಿಲ್ಲವಾದರೆ ಅಂಗಾತ ಮಲಗಿಸಿ, ತಲೆ ಹಿಂದೆ ಬಾಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಇಟ್ಟು 2ರಿಂದ 5 ಸಲ ಉಸಿರು ಊದಿ. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, 2 ಸಲ ಊದಿ, ಮತ್ತೆ 30. ದೊಡ್ಡವರಿಗೆ 5–6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ವೇಗ. ಮುಳುಗಿದವರ ಹೃದಯ ನಿಲ್ಲುವುದು ಆಮ್ಲಜನಕ ಸಿಗದೆ, ಹಾಗಾಗಿ ಬರೀ ಎದೆ ಒತ್ತಿದರೆ ಸಾಲದು, ಉಸಿರು ಬೇಕೇ ಬೇಕು. ಸಹಾಯ ಬರುವವರೆಗೆ ನಿಲ್ಲಿಸಬೇಡಿ. ಇದನ್ನು ಓದಿ ಕಲಿಯುವುದಕ್ಕಿಂತ ಒಂದು ದಿನದ ತರಬೇತಿಯಲ್ಲಿ ಕೈಯಿಂದ ಮಾಡಿ ಕಲಿಯಿರಿ.

ಎದ್ದು ಕುಳಿತು "ಏನಿಲ್ಲ, ಸರಿ ಇದ್ದೇನೆ" ಅಂದರೂ, ನೀರು ಕುಡಿದು ಕೆಮ್ಮಿದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮುಂದಿನ ಕೆಲವು ಗಂಟೆಗಳಲ್ಲಿ ಉಸಿರಾಟ ಕೆಡಬಹುದು.

ಈಜಿ ಬಂದ ಮೇಲೆ

ಚಳಿ ಹತ್ತಿದ್ದರೆ ಒದ್ದೆ ಬಟ್ಟೆ ತೆಗೆದು, ಒರೆಸಿಕೊಂಡು, ಒಣ ಬಟ್ಟೆ ಮೊದಲು. ಮೇಲೆ ಬಂದ ನಂತರವೂ ಸ್ವಲ್ಪ ಹೊತ್ತು ಮೈ ಒಳಗಿನ ಶಾಖ ಇಳಿಯುತ್ತಲೇ ಇರುತ್ತದೆ, ಆ ಹೊತ್ತಿನಲ್ಲಿ ಗಾಡಿ ಓಡಿಸಬೇಡಿ. ಮೈ ಸೋಪು ಹಾಕಿ ತೊಳೆಯಿರಿ. ದೋಣಿ, ಹುಟ್ಟಿಗೆ ಅಂಟಿದ ಗಿಡದ ಚೂರು ಕಿತ್ತು, ತೊಳೆದು ಒಣಗಿಸಿ, ಇಲ್ಲದಿದ್ದರೆ ಒಂದು ಕೆರೆಯ ಕಳೆ ಇನ್ನೊಂದಕ್ಕೆ ಹೋಗುತ್ತದೆ. ಮುಂದಿನ ಕೆಲವು ವಾರಗಳಲ್ಲಿ ಜ್ವರ, ಜೋರು ತಲೆನೋವು, ಕತ್ತು ಬಿಗಿತ, ಮೈಕೈ ನೋವು, ಕಣ್ಣು ಹಳದಿಯಾಗುವುದು ಹೀಗೆ ಏನಾದರೂ ಬಂದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ, ಕೆರೆಯಲ್ಲಿ ಈಜಿದ್ದೆ ಅಂತ ಅವರು ಕೇಳುವ ಮುಂಚೆಯೇ ಹೇಳಿ.